ಆಪಲ್ ಚಕ್ಕೆ ಬ್ರೆಡ್ಡು ಮೂರನೇ ಸಲಾನೂ ನಡುವೆ ಗುಳಿ, ಒಳಗೆ ಹಲ್ವಾ! ಯಾರಾದ್ರೂ ನೋಡಿ ಹೇಳಿ

ಆಲ್ದೂರು ದಾರಿ:
ಎಲ್ರಿಗೂ ನಮಸ್ಕಾರ. ನಾವಿರೋದು ಚಿಕ್ಕಮಗಳೂರಿಂದ ಆಲ್ದೂರಿಗೆ ಬರೋ ದಾರೀಲಿ. ಮೂರು ವಾರದಿಂದ ಈ ಒಂದು ಬ್ರೆಡ್ಡು ನನ್ನ ಜೀವ ತಿಂತಿದೆ. ಈಸ್ಟ್ ಹಾಕಿ ನಾದೋ ಬ್ರೆಡ್ ಅಲ್ಲ, ಸೋಡಾ ಬೇಕಿಂಗ್ ಪೌಡರಲ್ಲೇ ಉಬ್ಬೋ ಕ್ವಿಕ್ ಬ್ರೆಡ್, ಆಪಲ್ ತುರಿದು ಚಕ್ಕೆ ಪುಡಿ ಹಾಕಿ ಉದ್ದ ಟಿನ್ನಲ್ಲಿ ಮಾಡ್ತಾರಲ್ಲ ಅದು. ಮೂರು ಸಲಾನೂ ಒಂದೇ ಕತೆ. ಮೊದ್ಲು ಏಳುತ್ತೆ, ತಲೆ ಕೆಂಪಗಾಗುತ್ತೆ, ಈಚೆ ತೆಗೆದು ಹತ್ತು ನಿಮಿಷಕ್ಕೆ ನಡು ಕುಸಿದು ಗುಳಿ ಬೀಳುತ್ತೆ. ಕುಯ್ದು ನೋಡಿದ್ರೆ ಎರಡು ತುದೀನೂ ಬೆಂದಿರುತ್ತೆ, ನಡುವೆ ಮಾತ್ರ ತಳದಿಂದ ಒಂದು ಬೆರಳು ದಪ್ಪ ಬೂದು ಬಣ್ಣದ ಪಟ್ಟಿ, ಒತ್ತಿದ್ರೆ ಗೋಧಿ ಹಲ್ವಾ ಥರ ಬೆರಳಿಗೆ ಅಂಟುತ್ತೆ.

ಅಳತೆ ಹೇಳ್ಬಿಡ್ತೀನಿ. ಮೈದಾ 2 ಕಪ್, ಸಕ್ಕರೆ ಮುಕ್ಕಾಲು ಕಪ್, ಮೊಸರು 1 ಕಪ್, ಎಣ್ಣೆ ಅರ್ಧ ಕಪ್, ಬೇಕಿಂಗ್ ಪೌಡರ್ 1 ಟೀ ಸ್ಪೂನ್, ಸೋಡಾ ಒಂದೂವರೆ ಟೀ ಸ್ಪೂನ್, ಚಕ್ಕೆ ಪುಡಿ 2 ಟೀ ಸ್ಪೂನ್, ತುರಿದ ಆಪಲ್ ಒತ್ತಿ 2 ಕಪ್. ಮೊಟ್ಟೆ ಇಲ್ಲ, ನಮ್ಮತ್ತೆ ಇರೋ ಅಡಿಗೆಮನೆಗೆ ಮೊಟ್ಟೆ ಬರಲ್ಲ. ಓಟಿಜಿ (ಕರೆಂಟಿನ ಪುಟ್ಟ ಓವನ್) 28 ಲೀಟರ್ದು, 1500 ವ್ಯಾಟ್. ಹತ್ತು ನಿಮಿಷ ಪ್ರೀಹೀಟ್ ಮಾಡಿ, ಎರಡೂ ರಾಡ್ ಹಾಕಿ, 180 ಡಿಗ್ರೀಲಿ 50 ನಿಮಿಷ. ಮೂರನೇ ಸಲ 65 ನಿಮಿಷ ಇಟ್ಟೆ, ತಲೆ ಕರ್ರಗಾಯ್ತೇ ಹೊರತು ಹಲ್ವಾ ಹಲ್ವಾನೇ.

ಹಾಸನ ಹಳೇ ಬೇಕರಿ:
ಮೇಡಂ ಒಂದೂವರೆ ಸ್ಪೂನ್ ಸೋಡಾ ಯಾಕ್ರೀ? 2 ಕಪ್ ಮೈದಾಗೆ ಅರ್ಧ ಸ್ಪೂನ್ ಸೋಡಾ, ಅದ್ರ ಜೊತೆ ಒಂದೂವರೆ ಸ್ಪೂನ್ ಬೇಕಿಂಗ್ ಪೌಡರ್, ಅಷ್ಟೇ ಸಾಕು ಕಣ್ರೀ. ಸೋಡಾ ಜಾಸ್ತಿ ಆದ್ರೆ ಭರ್ರನೆ ಉಬ್ಬುತ್ತೆ, ಗೋಡೆ ಕಟ್ಟೋಕ್ ಮುಂಚೆ ಮಾಳಿಗೆ ಎತ್ತಿದಂಗೆ, ಆಮೇಲೆ ಕೂತ್ಕೊಳ್ಳದೆ ಇನ್ನೇನ್ ಮಾಡುತ್ತೆ. ಮೊಟ್ಟೆ ಇದ್ದಿದ್ರೆ ಅದು ಗಟ್ಟಿಯಾಗಿ ಸ್ವಲ್ಪ ಹಿಡ್ಕೊಳ್ತಿತ್ತು, ನಿಮ್ದ್ರಲ್ಲಿ ಅದೂ ಇಲ್ಲ. ಜಾಸ್ತಿ ಸೋಡಾ ಬಿದ್ರೆ ಬಣ್ಣಾನೂ ಬೇಗ ಕಪ್ಪಾಗುತ್ತೆ. ತಿಂದಾಗ ನಾಲಿಗೆ ಹಿಂದೆ ಸೋಪಿನ ರುಚಿ ಇತ್ತಾ?

ನಮ್ಮೂರಿನ ಮಾನ ಹೋಗಬಾರ್ದು ನೋಡಿ, ಬೆಂಗಳೂರಲ್ಲಿ ಅಯ್ಯಂಗಾರ್ ಬೇಕರಿ ಇಟ್ಟೋರಲ್ಲಿ ಎಷ್ಟೋ ಜನ ನಮ್ಮ ಹಾಸನ ಜಿಲ್ಲೆ ಹಳ್ಳಿಗಳಿಂದಾನೇ ಹೋದೋರು :)

ಆಲ್ದೂರು ದಾರಿ:
ಅಯ್ಯೋ ಇತ್ತು ಅಣ್ಣ! ಸೋಪಿನ ರುಚಿ ಚಕ್ಕೇದು ಅಂದ್ಕೊಂಡಿದ್ದೆ. ಮೊದಲನೇ ಸಲ ಅರ್ಧ ಸ್ಪೂನೇ ಹಾಕಿದ್ದೆ, ಗುಳಿ ಬಿತ್ತಲ್ಲ, ಇನ್ನೂ ಉಬ್ಬಲಿ ಅಂತ ಏರಿಸ್ತಾ ಹೋದೆ. ಅಂದ್ರೆ ಅರ್ಧ ಸ್ಪೂನ್ ಇದ್ದಾಗ್ಲೂ ಬಿದ್ದಿತ್ತಲ್ಲ?

ಕೊಪ್ಪದ ಸೌತೆಬಳ್ಳಿ:
ಹಂಗಾದ್ರೆ ಸೋಡಾ ಒಂದೇ ಅಲ್ಲ ಮಾರಾಯ್ರೆ. ಆಪಲ್ ಯಾವ್ದು, ತುರಿದ್ಮೇಲೆ ಹಿಂಡಿದ್ರಾ? ಆಪಲ್ಲಲ್ಲಿ ನೂರಕ್ಕೆ ಎಂಬತ್ತೈದು ಪಾಲು ಬರೀ ನೀರು. ಈಗ ಶಿವರಾತ್ರಿ ಹೊತ್ತಿಗೆ ಪೇಟೇಲಿ ಸಿಗೋ ಊರ ಆಪಲ್ಲೆಲ್ಲ ಕಳೆದ ಸೀಸನ್ನಲ್ಲಿ ಹಿಮಾಚಲ ಕಾಶ್ಮೀರದಲ್ಲಿ ಕಿತ್ತು ಕೋಲ್ಡ್ ಸ್ಟೋರೇಜಲ್ಲಿ ಇಟ್ಟಿದ್ದು, ನೋಡೋಕೆ ಕೆಂಪಗೆ ಗಿಣಿಮೂತಿ ಹಂಗಿರುತ್ತೆ, ಕಚ್ಚಿದ್ರೆ ಹಿಟ್ಟುಹಿಟ್ಟು. ಅದನ್ನ ಸಣ್ಣ ತೂತಲ್ಲಿ ತುರಿದು ಸಕ್ಕರೆ ಜೊತೆ ಕಲೆಸಿ ಇಟ್ರೆ ಸಕ್ಕರೆ ನೀರೆಲ್ಲ ಎಳೆದು ಹಾಕುತ್ತೆ. ನಾವು ಸೌತೆಕಾಯಿ ಕೊಟ್ಟೆ ಕಡುಬಿಗೆ ತುರಿದು ಹಿಂಡಿ ನೀರು ತೆಗೆದು ಹಾಕಲ್ವಾ, ಇದಕ್ಕೂ ಅದೇ ಬುದ್ಧಿ. ಒಂದು ಪಂಚೆ ತುಂಡಲ್ಲಿ ಹಿಂಡಿ ಎಷ್ಟು ರಸ ಬರುತ್ತೆ ಅಳೆದು ಹೇಳಿ. ರಸ ಚೆಲ್ಲಬೇಡಿ, ಕಾಲುಭಾಗಕ್ಕೆ ಬತ್ತಿಸಿ ಮೊಸರಿನ ಲೆಕ್ಕದಲ್ಲಿ ಕಳೆದು ಹಾಕಿದ್ರೆ ಘಮ ಎಲ್ಲೂ ಹೋಗಲ್ಲ.

ಇನ್ನೊಂದು, ಮೈದಾ ಯಾವ ಕಪ್ಪಲ್ಲಿ ಅಳೆದ್ರಿ?

ಆಲ್ದೂರು ದಾರಿ:
ಮೈದಾ ನಮ್ಮನೆ ಕಾಫಿ ಲೋಟದಲ್ಲಿ ಅಕ್ಕ, ಮೊಸರು ಎಣ್ಣೆಗೆ ಮಾತ್ರ ಓಟಿಜಿ ಜೊತೆ ಬಂದ ಅಳತೆ ಕಪ್ಪು. ಬೈಬೇಡಿ.

ಹಾಸನ ಹಳೇ ಬೇಕರಿ:
ಬೈಯಲ್ಲ, ನಗ್ತಿದೀನಿ. ರೆಸಿಪಿ ಕಪ್ಪು ಅಂದ್ರೆ 240 ಎಂಎಲ್, ಮೈದಾ ಹಗುರಾಗಿ ತುಂಬಿದ್ರೆ ಸುಮಾರು 120 ರಿಂದ 125 ಗ್ರಾಂ. ಕಾಫಿ ಲೋಟ ಅಂದ್ರೆ ಅದ್ರ ಮುಕ್ಕಾಲೂ ಇರಲ್ಲ. ಒಣದ್ದು ಕಮ್ಮಿ, ಒದ್ದೆ ಪೂರ್ತಿ, ಮೇಲೆ ಆಪಲ್ ನೀರು. ನೀವು ಬ್ರೆಡ್ ಮಾಡಿಲ್ಲ ಮೇಡಂ, ಹಲ್ವಾನೇ ಮಾಡಿದೀರ. ತಕ್ಕಡಿ ತಗೊಳ್ಳಿ, 250 ಗ್ರಾಂ ಮೈದಾ ತೂಗಿ ಹಾಕಿ, ಕಲೆಸುವಾಗ ಬೀಟರ್ ಮುಟ್ಟಬೇಡಿ, ಸೌಟಲ್ಲಿ ಹತ್ತು ಹದಿನೈದು ಸುತ್ತು, ಅಲ್ಲಲ್ಲಿ ಒಣ ಹಿಟ್ಟು ಕಂಡ್ರೂ ಪರವಾಗಿಲ್ಲ.

ಆಲ್ದೂರು ದಾರಿ:
ನಾಲ್ಕನೇದು ಮಾಡಿ ನಾಲ್ಕು ದಿನ ಆಯ್ತು, ಬರೆಯೋಕೆ ಮನಸಾಗಿರ್ಲಿಲ್ಲ. ತುರಿ 250 ಗ್ರಾಂ ಇತ್ತು, ಹಿಂಡಿದ್ರೆ 90 ಎಂಎಲ್ ರಸ! ಮೈದಾ ತೂಗಿದೆ, ಸೋಡಾ ಅರ್ಧ ಸ್ಪೂನ್. ಹಿಟ್ಟು ನೋಡಿದಾಗ್ಲೇ ಖುಷಿ ಆಯ್ತು, ಮೊದ್ಲು ದೋಸೆಹಿಟ್ಟಿನ ಥರ ಸುರೀತಿತ್ತು, ಈಗ ಇಡ್ಲಿಹಿಟ್ಟಿಗಿಂತ ಗಟ್ಟಿ, ಸೌಟಿಂದ ದೊಪ್ ಅಂತ ಬೀಳ್ತಿತ್ತು. ಸೋಪಿನ ರುಚಿ ಹೋಯ್ತು, ಹಲ್ವಾ ಪಟ್ಟಿ ಅರ್ಧಕ್ಕೆ ಇಳೀತು. ಆದ್ರೆ ಗುಳಿ ಇದೆ, ತಲೆ ಸುಟ್ಟಿದೆ. 50 ನಿಮಿಷಕ್ಕೆ ಮೇಲೆಲ್ಲ ಕಪ್ಪು, ನಡುವೆ ಕಡ್ಡಿ ಚುಚ್ಚಿದ್ರೆ ಹಸಿ ಹಿಟ್ಟು ಮೆತ್ಕೊಂಡು ಬಂತು. ನಮ್ಮತ್ತೆ ಬಂದು ನೋಡಿ "ಇದಕ್ಕಿಂತ ಬಾಳೆಹಣ್ಣಿನ ಹಲ್ವಾನೇ ನೆಟ್ಟಗೆ ಮಾಡ್ಬೋದಿತ್ತು" ಅಂದ್ರು.

ಮೂಡಿಗೆರೆ ವೈರ್‌ಮ್ಯಾನ್:
ನಂಗೆ ಬೇಕಿಂಗ್ ಗೊತ್ತಿಲ್ಲ, ಹೆಂಡ್ತಿ ಫೋನ್ ಕೊಟ್ಟು ಓದು ಅಂದ್ಲು. ನೀವು ಓಟಿಜಿ ಹಾಕೋದು ಎಷ್ಟು ಗಂಟೆಗೆ? ಮನೇಲಿ ಫ್ರಿಜ್ಜಿನ ಸ್ಟೆಬಿಲೈಸರಲ್ಲಿ ನಂಬರ್ ತೋರಿಸುತ್ತಾ? ಓಟಿಜಿ ಹಾಕಿದಾಗ ಕೆಂಪು ಲೈಟು ನಡುವೆ ಆಫ್ ಆಗುತ್ತಾ ಇಲ್ಲಾ ಒಂದೇ ಸಮ ಉರೀತಾನೇ ಇರುತ್ತಾ?

ಆಲ್ದೂರು ದಾರಿ:
ಸಂಜೆ ಏಳರ ಮೇಲೇನೇ ಅಣ್ಣ, ಮಕ್ಕಳು ಓದೋಕೆ ಕೂತ್ಮೇಲೆ. ಲೈಟು ಆಫ್ ಆಗಿದ್ದೇ ನೋಡಿಲ್ಲ, ಅದು ಉರೀತಾನೇ ಇರ್ಬೇಕು ಅಂದ್ಕೊಂಡಿದ್ದೆ. ಸ್ಟೆಬಿಲೈಸರ್ ನಂಬರ್ ಈಗ ನೋಡ್ದೆ, 7:15ಕ್ಕೆ 178.

ಮೂಡಿಗೆರೆ ವೈರ್‌ಮ್ಯಾನ್:
ಅಲ್ಲೇ ಇದೆ ನಿಮ್ಮ ಗುಳಿ. ಈ ತಿಂಗಳು ಸುತ್ತಮುತ್ತ ತೋಟದೋರೆಲ್ಲ ಹೂ ಬಿಡ್ಸೋಕೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕ್ತಾರೆ, ಕರೆಂಟಿನ ಮೋಟಾರ್ ಇರೋ ಲೈನಲ್ಲಿ ವೋಲ್ಟೇಜ್ ಬೀಳುತ್ತೆ, ಸಂಜೆ ಮನೆಗಳ ಲೋಡೂ ಸೇರ್ಕೊಳ್ಳುತ್ತೆ. ರಾಡಿನ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯೋದು. 230ರಲ್ಲಿ 1500 ವ್ಯಾಟ್ ಕೊಡೋ ರಾಡು 178ರಲ್ಲಿ ಕೊಡೋದು ಸುಮಾರು 900. ವೋಲ್ಟೇಜ್ ಕಾಲುಭಾಗ ಇಳಿದ್ರೆ ಶಾಖ ಹತ್ತಿರತ್ತಿರ ಅರ್ಧಕ್ಕೆ ಬಂತು ಅಂತ ಇಟ್ಕೊಳ್ಳಿ. ಹತ್ತು ನಿಮಿಷದಲ್ಲಿ ನಿಮ್ಮ ಡಬ್ಬಿ 180 ಮುಟ್ಟಿರಲ್ಲ, ಮುಟ್ಟಿದ್ರೆ ಥರ್ಮೋಸ್ಟಾಟ್ ಕಟ್ ಆಗಿ ಲೈಟು ಆರ್ಬೇಕಿತ್ತು. ನೀವು ಉಗುರುಬೆಚ್ಚಗಿನ ಡಬ್ಬೀಲಿ ಹಿಟ್ಟು ಇಟ್ಟಿದೀರ, ರಾಡು ಒಂದು ಕ್ಷಣಾನೂ ಆರದೆ ಮೇಲಿಂದ ಸುಡ್ತಾ ಇದೆ, ಒಳಗಿನ ಗಾಳಿ ಮಾತ್ರ ಕಾದಿಲ್ಲ.

ಇನ್ನೊಂದ್ ವಿಷ್ಯ, 1500 ವ್ಯಾಟು ಅಂದ್ರೆ ಆರೂವರೆ ಆಂಪು. ಸಣ್ಣ 6 ಆಂಪ್ ಸಾಕೆಟ್ಟಿಗೆ ಕನ್ವರ್ಟರ್ ಪ್ಲಗ್ ಸಿಕ್ಕಿಸಿ ಓಡಿಸ್ಬೇಡಿ, ಗೀಸರ್ ಸಾಕೆಟ್ಟಿನಂಥ 16 ಆಂಪಿಗೇ ಹಾಕಿ. ಫ್ರಿಜ್ಜಿನ ಸ್ಟೆಬಿಲೈಸರಿಗೆ ಓಟಿಜಿ ಹಾಕೋ ಬುದ್ಧಿವಂತಿಕೆ ಬೇಡ, ಸುಟ್ಟು ಹೋಗುತ್ತೆ, ಆಮೇಲೆ ನಂಗೇ ಫೋನ್ ಬರುತ್ತೆ.

ಹಾಸನ ಹಳೇ ಬೇಕರಿ:
ಇದು ನಂಗೆ ಹೊಳೀಲೇ ಇಲ್ಲ ನೋಡಿ! ಅಣ್ಣ ಹೇಳಿದ್ದು ಪಕ್ಕಾ. ಹಿಟ್ಟಿಗೆ ಮೊಸರು ಬಿದ್ದ ಕ್ಷಣದಿಂದ ಸೋಡಾ ಕೆಲಸ ಶುರು ಮಾಡಿರುತ್ತೆ, ಓವನ್ ತಣ್ಣಗಿದ್ರೆ ಗಾಳಿಗುಳ್ಳೆ ಎಲ್ಲ ಹಿಟ್ಟು ಗಟ್ಟಿಯಾಗೋ ಮುಂಚೇನೇ ಮೇಲೆ ಬಂದು ಒಡೆದು ಹೋಗುತ್ತೆ. ಮೇಡಂ, ಲೈಟು ಒಂದ್ಸಲ ಆರಿ ಮತ್ತೆ ಹತ್ತೋ ತನಕ ಟಿನ್ ಒಳಗೆ ಇಡಬೇಡಿ, ಗಡಿಯಾರ ನೋಡ್ಬೇಡಿ. ಟಿನ್ನು ಕೆಳಗಿನ ರ‍್ಯಾಕಲ್ಲಿ, ಟಿನ್ ತಲೆ ರಾಡಿಂದ ಅಂಗೈ ಅಗಲ ದೂರ ಇರ್ಲಿ. ಅರ್ಧ ಗಂಟೆ ಆದ್ಮೇಲೆ ಮೇಲೊಂದು ಫಾಯಿಲ್ ಮುಚ್ಚಿ. ಟಿನ್ ಸೈಜ್ ಎಷ್ಟು?

ಆಲ್ದೂರು ದಾರಿ:
8ಕ್ಕೆ 4 ಇಂಚು. ಹಿಟ್ಟು ಅಂಚಿಗೆ ಒಂದು ಬೆರಳು ಕೆಳಗೆ ಬರುತ್ತೆ.

ಹಾಸನ ಹಳೇ ಬೇಕರಿ:
ಈ ಅಳತೆಗೆ 9ಕ್ಕೆ 5 ಬೇಕು. ಇರೋ ಟಿನ್ನಲ್ಲೇ ಮಾಡೋದಾದ್ರೆ ಮೂರರಲ್ಲಿ ಎರಡು ಪಾಲು ತುಂಬಿ, ಉಳಿದಿದ್ದು ಇಡ್ಲಿ ತಟ್ಟೇಲಿ ಬೇಯಿಸಿ, ಸಣ್ಣ ಕೇಕ್ ಆಗುತ್ತೆ, ಮಕ್ಕಳು ಅದನ್ನೇ ಮೊದ್ಲು ಎತ್ಕೊಂಡು ಹೋಗ್ತಾರೆ.

ಆಲ್ದೂರು ದಾರಿ:
ಆಯ್ತು!!! ಇವತ್ತು ಬೆಳಿಗ್ಗೆ 11 ಗಂಟೆಗೆ ಸ್ಟೆಬಿಲೈಸರಲ್ಲಿ 221 ತೋರಿಸ್ತು, ಹಿಟ್ಟು ಕಲೆಸೋ ಮುಂಚೆ ಓಟಿಜಿ ಹಾಕಿ ಅದ್ರ ಮುಂದೆ ಸ್ಟೂಲ್ ಹಾಕ್ಕೊಂಡು ಕೂತೆ. ಟಿಕ್ ಅಂತ ಸದ್ದು ಬಂದು ಲೈಟು ಆರಿದ್ದು ಕಂಡು ಕೈ ಮುಗಿಯೋದೊಂದು ಬಾಕಿ. ಆಮೇಲೇ ಮೊಸರು ಸೇರಿಸಿ ಕಲೆಸಿದ್ದು. ಇಪ್ಪತ್ತೈದು ನಿಮಿಷಕ್ಕೆ ತಲೆ ಉದ್ದಕ್ಕೆ ಬಿರುಕು ಬಿಡ್ತು, ಬಿರುಕಿನ ಒಳಗಿಂದ ಹಳದಿ ಹಿಟ್ಟು ಉಬ್ಬಿ ಬಂದು ಅದೂ ನಿಧಾನಕ್ಕೆ ಒಣಗಿ ಕಂದು ಆಯ್ತು, ಮನೆ ತುಂಬ ಚಕ್ಕೆ ವಾಸನೆ, ಹಿತ್ತಲಲ್ಲಿ ಮೆಣಸು ಒಣಗಿಸ್ತಿದ್ದ ಅತ್ತೆ ಒಳಗೆ ಬಂದು ಬಾಗಿಲಲ್ಲಿ ನಿಂತ್ರು. ಗುಳಿ ಇಲ್ಲ. ಹಲ್ವಾ ಇಲ್ಲ.

ಈಗ ಹೊಸ ತಕರಾರು. ಈ ಸಲ ತಪ್ಪಬಾರ್ದು ಅಂತ ಚುಚ್ಚೋ ಥರ್ಮಾಮೀಟರ್ ತರಿಸಿದ್ದೆ, ರೆಸಿಪೀಲಿ ನಡು 98 ಡಿಗ್ರಿ ಬಂದ್ರೆ ಬೆಂದಂಗೆ ಅಂತಿತ್ತು. 55 ನಿಮಿಷಕ್ಕೆ 95 ಬಂತು, 60ಕ್ಕೆ 96, ಆಮೇಲೆ ಅಲ್ಲೇ ಕೂತ್ಬಿಡ್ತು, 98 ಬರ್ಲಿ ಬರ್ಲಿ ಅಂತ 80 ನಿಮಿಷ ಇಟ್ಟೆ, ಅಂಚೆಲ್ಲ ರಸ್ಕ್ ಆಯ್ತು. ಥರ್ಮಾಮೀಟರ್ ಕೆಟ್ಟಿದ್ಯಾ?

ಕೊಪ್ಪದ ಸೌತೆಬಳ್ಳಿ:
ಥರ್ಮಾಮೀಟರ್ ಸರೀ ಇದೆ, ಊರು ಎತ್ತರದಲ್ಲಿದೆ ಅಷ್ಟೇ. ಚಿಕ್ಕಮಗಳೂರು ಪೇಟೇನೇ ಸಮುದ್ರ ಮಟ್ಟಕ್ಕಿಂತ ಹೆಚ್ಚುಕಮ್ಮಿ 1090 ಮೀಟರ್ ಮೇಲಿದೆ, ಪ್ರತಿ 300 ಮೀಟರಿಗೆ ನೀರು ಕುದಿಯೋ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತೆ. ನಿಮ್ಮಲ್ಲಿ ನೀರು ಕುದಿಯೋದೇ 96 ಚಿಲ್ಲರೆಗೆ. ಬ್ರೆಡ್ಡಿನ ಒಳಗೆ ಒದ್ದೆ ಇರೋ ತನಕ ಅದಕ್ಕಿಂತ ಮೇಲೆ ಏರಲ್ಲ, ಏರ್ಬೇಕು ಅಂದ್ರೆ ಎಲ್ಲ ಒಣಗಿ ಹೋಗ್ಬೇಕು, ರಸ್ಕ್ ಆಗಿದ್ದು ಅದಕ್ಕೇ. 98 ಬರೆದೋರು ಸಮುದ್ರದ ಪಕ್ಕ ಕೂತು ಬರೆದಿದ್ದು. ಬೇಕಾದ್ರೆ ಕಾಫಿಗೆ ನೀರಿಟ್ಟಾಗ ಮಳ್ಳುವಾಗ ಥರ್ಮಾಮೀಟರ್ ಅದ್ದಿ ನೋಡಿ. ಎಷ್ಟು ತೋರಿಸುತ್ತೋ ಅದಕ್ಕಿಂತ ಎರಡು ಡಿಗ್ರಿ ಕಮ್ಮಿಗೆ ಬ್ರೆಡ್ ಈಚೆ ತೆಗೀರಿ.

ಸಕಲೇಶಪುರ ಮಳೆ:
ನಾನು ಇಷ್ಟು ದಿನ ಸುಮ್ನೆ ಓದ್ತಿದ್ದೆ, ಒಂದ್ ಡೌಟು. ನಮ್ ತೋಟದಲ್ಲೇ ದಾಲ್ಚಿನ್ನಿ ಮರ ಇದೆ, ತೊಗಟೆ ಒಣಗಿಸಿ ಮಿಕ್ಸೀಲಿ ಪುಡಿ ಮಾಡಿದ್ರೆ ಬ್ರೆಡ್ಡಲ್ಲಿ ಹಲ್ಲಿಗೆ ಮರಳು ಥರ ಸಿಗುತ್ತೆ. ಅಂಗಡಿ ಚಕ್ಕೇನೂ ಹಂಗೇ.

ಹಾಸನ ಹಳೇ ಬೇಕರಿ:
ಎಳೇ ಕೊಂಬೆ ತೊಗಟೆ ತಗೊಳ್ಳಿ, ಹೊರಗಿನ ಒರಟು ಸಿಪ್ಪೆ ಕೆರೆದು ತೆಗೀರಿ. ಅಂಗಡೀಲಿ ದಪ್ಪಗೆ ಮರದ ಚೂರಿನ ಹಂಗೆ ಬರೋದು ಜಾಸ್ತಿ ಕ್ಯಾಸಿಯಾ ಅನ್ನೋ ಬೇರೆ ಜಾತಿ ಚಕ್ಕೆ, ಖಾರ ಜಾಸ್ತಿ, ಬಿರಿಯಾನಿಗೆ ಸರಿ. ತೆಳ್ಳಗೆ ಸುರುಳಿಯೊಳಗೆ ಸುರುಳಿ ಇರುತ್ತಲ್ಲ, ಬೆರಳಲ್ಲಿ ಒತ್ತಿದ್ರೆ ಪಟಕ್ಕನೆ ಪುಡಿ ಆಗೋದು, ಅದು ಸಿಹಿಗೆ ಒಗ್ಗುತ್ತೆ. ಯಾವ್ದಾದ್ರೂ ಬಾಣಲೇಲಿ ಸ್ವಲ್ಪ ಬೆಚ್ಚಗೆ ಮಾಡಿ, ಪುಡಿ ಮಾಡಿ, ಮೈದಾ ಜರಡೀಲಿ ಎರಡು ಸಲ ಜರಡಿ ಹಿಡೀರಿ. ಜರಡಿ ಮೇಲೆ ಉಳಿದ ತರಿ ಟೀ ಪುಡಿ ಡಬ್ಬಿಗೆ.

ಆಲ್ದೂರು ದಾರಿ:
ಆರನೇದೂ ಮಾಡಿ ಆಯ್ತು, ಹುಡುಕ್ಕೊಂಡು ಬರೋರಿಗೆ ಬರೆದಿಡ್ತೀನಿ. ಮೈದಾ 250 ಗ್ರಾಂ, ಸೋಡಾ ಅರ್ಧ ಟೀ ಸ್ಪೂನ್, ಬೇಕಿಂಗ್ ಪೌಡರ್ ಒಂದೂವರೆ, ಚಕ್ಕೆ ಪುಡಿ 2, ಚಿಟಿಕೆ ಉಪ್ಪು, ಸಕ್ಕರೆ ಮುಕ್ಕಾಲು ಕಪ್, ಎಣ್ಣೆ ಅರ್ಧ ಕಪ್, ಮೊಸರು ಮುಕ್ಕಾಲು ಕಪ್ ಜೊತೆಗೆ ಬತ್ತಿಸಿದ ಆಪಲ್ ರಸ 2 ಚಮಚ. ಆಪಲ್ ಅರ್ಧ ಪಾಲು ತುರಿದು ಹಿಂಡಿದ್ದು, ಅರ್ಧ ಪಾಲು ಹಸಿರು ಆಪಲ್ಲು, ಕಡ್ಲೆಬೇಳೆಗಿಂತ ದಪ್ಪಗೆ ಹೆಚ್ಚಿ ಮೈದಾದಲ್ಲಿ ಹೊರಳಿಸಿದ್ದು, ಅದು ಬೆಂದ್ಮೇಲೂ ಕರಗದೆ ಹುಳಿಹುಳಿ ಸಿಗುತ್ತೆ. 9ಕ್ಕೆ 5 ಟಿನ್ ತರಿಸಿದೆ. ಲೈಟು ಎರಡನೇ ಸಲ ಹತ್ತಿದ್ಮೇಲೆ ಒಳಗಿಟ್ಟು 56 ನಿಮಿಷ, ನಡು 94 ಡಿಗ್ರಿಗೆ ಈಚೆ. ಹತ್ತು ನಿಮಿಷ ಟಿನ್ನಲ್ಲೇ ಬಿಟ್ಟು ಆಮೇಲೆ ಜಾಲರಿ ಮೇಲೆ, ಟಿನ್ನಲ್ಲೇ ಆರೋಕೆ ಬಿಟ್ರೆ ತಳ ಬೆವರುತ್ತೆ. ಅವತ್ತೇ ಕುಯ್ಯೋದಕ್ಕಿಂತ ಬಟ್ಟೆ ಸುತ್ತಿ ಇಟ್ಟು ಮರುದಿನ ಕುಯ್ದ್ರೆ ಚೂರು ಉದುರಲ್ಲ, ಚಕ್ಕೆ ರುಚೀನೂ ಏರುತ್ತೆ.

ಮೂಡಿಗೆರೆ ವೈರ್‌ಮ್ಯಾನ್ ಅಣ್ಣನಿಗೆ: ನಿಮ್ಮ ಹೆಂಡ್ತೀಗೆ ಥ್ಯಾಂಕ್ಸ್ ಹೇಳಿ.

ಮೂಡಿಗೆರೆ ವೈರ್‌ಮ್ಯಾನ್:
ಹೇಳ್ದೆ. ಈಗ ನಮ್ಮನೇಗೂ ಓಟಿಜಿ ಬೇಕಂತೆ. ಇಲ್ಲಿ ಸಂಜೆ 170 ಬರುತ್ತೆ.