ಪದಚರ್ಚೆ: ಕೋಪರ್ನಿಕಸ್‌ನ ಪುಸ್ತಕದಲ್ಲಿ ‘ಕ್ರಾಂತಿ’ ಇದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹದಿನಾರನೆಯ ಶತಮಾನದ ಯುರೋಪಿನ ಮೇಲೆ ಮಕ್ಕಳಿಗಾಗಿ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದ ಖಗೋಳಜ್ಞ ಕೋಪರ್ನಿಕಸ್ 1543ರಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥದ ಹೆಸರನ್ನು ಕರಡಿನಲ್ಲಿ ‘ಆಕಾಶಕಾಯಗಳ ಕ್ರಾಂತಿಗಳನ್ನು ಕುರಿತು’ ಎಂದು ಕನ್ನಡಿಸಿದ್ದೆ. ಪಂಚಾಂಗದ ಗಣಿತ ಬಲ್ಲ ನಮ್ಮ ಸೋದರಮಾವ ಅದನ್ನು ಓದಿ, ಕನ್ನಡಕ ಹಣೆಗೇರಿಸಿ ಕೇಳಿದರು: “ಯಾವ ಗ್ರಹದ ಕ್ರಾಂತಿಯೋ? ಉತ್ತರವೋ ದಕ್ಷಿಣವೋ?”

ನಾನು ತಬ್ಬಿಬ್ಬಾದೆ. ಅವರ ಪಾಲಿಗೆ ಕ್ರಾಂತಿ ಎಂದರೆ ಬಾವುಟವೂ ಅಲ್ಲ, ಘೋಷಣೆಯೂ ಅಲ್ಲ. ಸೂರ್ಯನೋ ಗ್ರಹವೋ ಆಕಾಶದ ನಡುಗೆರೆಯಾದ ವಿಷುವದ್ವೃತ್ತದಿಂದ ಬಡಗಣಕ್ಕೆ ಅಥವಾ ತೆಂಕಣಕ್ಕೆ ಎಷ್ಟು ಅಂಶ ಸರಿದಿದೆ ಎಂಬ ಲೆಕ್ಕ. ಸೂರ್ಯನ ಪರಮಕ್ರಾಂತಿ, ಅಂದರೆ ಅತಿ ಹೆಚ್ಚಿನ ಸರಿತ, ನಮ್ಮ ಹಳೆಯ ಖಗೋಳ ಸಿದ್ಧಾಂತ ಗ್ರಂಥಗಳಲ್ಲಿ 24 ಅಂಶ, ಈಗಿನ ಅಳತೆಯಲ್ಲಿ ಇಪ್ಪತ್ತಮೂರೂವರೆಗೆ ತುಸು ಕಡಿಮೆ. ಸೂರ್ಯನ ದಾರಿ ಕ್ರಾಂತಿವೃತ್ತ, ಅವನು ರಾಶಿ ದಾಟಿದರೆ ಸಂಕ್ರಾಂತಿ. ಎಳ್ಳುಬೆಲ್ಲ ಹಂಚುವಾಗ ಈ ಪದ ನಮ್ಮ ಬಾಯಲ್ಲೇ ಇರುತ್ತದೆ, ಹಸಿರು ಕ್ರಾಂತಿ, ಕ್ಷೀರ ಕ್ರಾಂತಿಗಳೊಡನೆ ಅದಕ್ಕೆ ನಂಟುಂಟೆಂದು ಹೊಳೆಯುವುದಿಲ್ಲ, ಅಷ್ಟೇ.

ಸೋಜಿಗವೆಂದರೆ ಲ್ಯಾಟಿನ್ ಪದಕ್ಕೂ ಇದೇ ಗತಿಯಾಗಿದೆ. ‘ರೆವೊಲ್ಯೂಷಿಯೊ’ ಅಂದರೆ ಉರುಳಿ ಸುತ್ತಿ ಮತ್ತೆ ಹೊರಟಲ್ಲಿಗೇ ಬರುವುದು. ಕೋಪರ್ನಿಕಸ್ ಬಳಸಿದ್ದು ಅದನ್ನೇ. ಅವನ ಮನಸ್ಸಿನಲ್ಲಿ ದಂಗೆಯ ಸುಳಿವೂ ಇರಲಿಲ್ಲ. ಹಿಂದಿನ ಗ್ರೀಕ್ ಖಗೋಳಜ್ಞ ಟಾಲೆಮಿಯ ಲೆಕ್ಕದಲ್ಲಿ ಸಮವೇಗದ ವೃತ್ತಚಲನೆ ಕೆಟ್ಟಿದೆ, ಅದನ್ನು ಮತ್ತೆ ಸರಿಮಾಡಬೇಕು ಎಂಬುದು ಅವನ ತಕರಾರುಗಳಲ್ಲೊಂದು. ಹಳೆಯದನ್ನು ನೆಟ್ಟಗೆ ಮಾಡಲು ಹೊರಟು ಭೂಮಿಯನ್ನೇ ಅಲುಗಿಸಿದ ಮನುಷ್ಯ. 1660ರಲ್ಲಿ ಇಂಗ್ಲೆಂಡಿಗೆ ದೊರೆ ಮರಳಿ ಬಂದುದನ್ನೂ ಕೆಲವರು ಇದೇ ಪದದಿಂದ ಕರೆದರು. ಚಕ್ರ ಒಂದು ಸುತ್ತು ಬಂತು ಎಂಬ ಅರ್ಥದಲ್ಲಿ. ಹಿಂದಕ್ಕೆ ಬರುವುದನ್ನು ಬಿಟ್ಟು ಬುಡಮೇಲು ಮಾಡುವುದು ಎಂಬ ಅರ್ಥ ಗಟ್ಟಿಯಾದದ್ದು 1789ರ ಫ್ರಾನ್ಸಿನ ಕಾಲಕ್ಕೆ.

ಅಂದರೆ ಎರಡು ಪದಗಳೂ ಆಕಾಶದಿಂದ ಬೀದಿಗೆ ಇಳಿದವು. ಆದರೆ ಆಕಾಶದಲ್ಲಿದ್ದಾಗ ಅವುಗಳ ಕೆಲಸ ಬೇರೆ ಬೇರೆ. ಲ್ಯಾಟಿನ್ನಿನದು ಸುತ್ತು, ನಮ್ಮದು ಹೆಜ್ಜೆ. ‘ಕ್ರಮ್’ ಧಾತುವಿನಿಂದಲೇ ಆಕ್ರಮಣ, ಅತಿಕ್ರಮಣ, ತ್ರಿವಿಕ್ರಮ. ಗಡಿ ದಾಟುವ ಸದ್ದು ಈ ಬಳಗದಲ್ಲೆಲ್ಲ ಕೇಳುತ್ತದೆ. ಹಾಗೆ ನೋಡಿದರೆ ದಂಗೆಗೆ ‘ಕ್ರಾಂತಿ’ಯೇ ಹೆಚ್ಚು ಒಪ್ಪುವ ಪದ. ಕೋಪರ್ನಿಕಸ್‌ನ ಗ್ರಂಥಕ್ಕೆ ಮಾತ್ರ ಒಪ್ಪುವುದಿಲ್ಲ. ‘ವೈಜ್ಞಾನಿಕ ಕ್ರಾಂತಿ’ ಇರಲಿ, ಅದು ನಂತರದವರು ಕೊಟ್ಟ ಹೆಸರು.

ಹಾಗಾದರೆ ಏನು ಹಾಕೋಣ? ಶಾಲೆಯ ಪುಸ್ತಕಗಳಲ್ಲಿ ‘ಪರಿಭ್ರಮಣ’ ಇದೆ. ತಪ್ಪಲ್ಲ, ಆದರೆ ಅದನ್ನು ಕೇಳಿದ ಕೂಡಲೇ ಮಕ್ಕಳಿಗೆ ಪರೀಕ್ಷೆಯ ನೆನಪು. ಮಾವ ಹೇಳುವುದು ‘ಭಗಣ’. ‘ಭ’ ಎಂದರೆ ನಕ್ಷತ್ರ. ಗ್ರಹವೊಂದು ನಕ್ಷತ್ರಗಣವನ್ನೆಲ್ಲ ಹಾದು ಮುಗಿಸಿದ ಒಂದು ಪೂರ್ತಿ ಸುತ್ತೇ ಭಗಣ. ಆರ್ಯಭಟ ಯುಗವೊಂದಕ್ಕೆ ಸೂರ್ಯನ ಭಗಣ 43,20,000 ಎಂದು ಲೆಕ್ಕ ಕೊಟ್ಟಿದ್ದಾನೆ. ಇದಕ್ಕಿಂತ ಕರಾರುವಾಕ್ಕಾದ ಪದ ಸಿಗದು, ನಿಜ. ಆದರೆ ಕನ್ನಡ ಕಲಿತವರಿಗೆ ಭಗಣವೆಂದರೆ ಒಂದು ಗುರು, ಎರಡು ಲಘು. ಕೋಪರ್ನಿಕಸ್ ಛಂದಸ್ಸಿನ ಮೇಲೆ ಬರೆದನೆಂದು ಯಾರಾದರೂ ತಿಳಿದಾರು!

ಇನ್ನೊಂದು ತೊಡಕು. ಆ ಹೆಸರಿನಲ್ಲಿ ಇರುವುದು ‘ಕಾಯ’ವಲ್ಲ, ಗೋಲ. ಗ್ರಹಗಳನ್ನು ಹೊತ್ತು ತಿರುಗುವ ಗೋಲಗಳೆಂದು ಆಗಿನವರು ನಂಬಿದ್ದರು. ‘ಆಕಾಶಗೋಲಗಳ ಸುತ್ತುಗಳು’ ಎಂದು ಸದ್ಯಕ್ಕೆ ತಿದ್ದಿದ್ದೇನೆ. ‘ಸುತ್ತುವಿಕೆ’ ಎಂದರೆ ನಾಲಗೆ ಎಡವುತ್ತದೆ.

ಜೊತೆಗೇ ಒಂದು ಚಿಕ್ಕ ಪ್ರಶ್ನೆ. ಈ ಗ್ರಂಥ ಅಚ್ಚಾದ ಕತೆಯಲ್ಲಿ ಕ್ಯಾಥೊಲಿಕ್ ಚರ್ಚಿನಿಂದ ಸಿಡಿದು ಬೇರೆಯಾದ ಲೂಥರ್ ಪಂಥದವರು ಬರಲೇಬೇಕು. ಕೋಪರ್ನಿಕಸ್ ಕ್ಯಾಥೊಲಿಕ್ ಚರ್ಚಿನ ಅಧಿಕಾರಿ, ಗ್ರಂಥ ಅರ್ಪಿಸಿದ್ದು ಪೋಪ್ ಮೂರನೆಯ ಪಾಲನಿಗೆ. ಆದರೆ 1539ರಲ್ಲಿ ಅವನಲ್ಲಿಗೆ ಬಂದು, ಪ್ರಕಟಿಸಿರೆಂದು ದುಂಬಾಲು ಬಿದ್ದ ತರುಣ ರೆಟಿಕಸ್ ಲೂಥರನ ಊರಾದ ವಿಟೆನ್‌ಬರ್ಗಿನ ಅಧ್ಯಾಪಕ. ನ್ಯೂರೆಂಬರ್ಗಿನಲ್ಲಿ ಅಚ್ಚಾಗುವಾಗ, ಇದು ಬರೀ ಲೆಕ್ಕದ ಅನುಕೂಲಕ್ಕೆ ಎಂದು ಹೆಸರು ಹಾಕದೆ ಮುನ್ನುಡಿ ಸೇರಿಸಿದ ಒಸಿಯಾಂಡರ್ ಕೂಡ ಲೂಥರ್ ಪಂಥದ ಬೋಧಕ. ರೋಮ್ ಈ ಪುಸ್ತಕವನ್ನು ‘ತಿದ್ದುವವರೆಗೆ’ ಎಂದು ತಡೆಹಿಡಿದದ್ದು 1616ರಲ್ಲಿ, ಅಚ್ಚಾಗಿ 73 ವರ್ಷದ ಮೇಲೆ. ಇದನ್ನೆಲ್ಲ ಹೇಳುವಾಗ, ಲೂಥರನ ಚಳವಳಿಯಾದ ‘ರಿಫಾರ್ಮೇಶನ್’ ಪದಕ್ಕೆ ‘ಮತ ಸುಧಾರಣೆ’ ಎಂದು ಬರೆದೆ. ಕರಡು ಓದಿದ ಹುಡುಗಿ “ಚುನಾವಣಾ ಆಯೋಗದ್ದಾ?” ಎಂದಳು. ‘ಧಾರ್ಮಿಕ ಸುಧಾರಣೆ’ ಎಂದರೆ ಸಪ್ಪೆ, ‘ಚರ್ಚ್ ಸುಧಾರಣೆ’ ನನಗೆ ಹಿಡಿಸಿದೆ. ಹಾಗೆಯೇ, ಯುರೋಪಿನಲ್ಲಿ ಹಳೆಯ ಗ್ರೀಕ್, ರೋಮನ್ ವಿದ್ಯೆ ಮತ್ತೆ ಚಿಗುರಿದ ಕಾಲವಾದ ರಿನೇಸಾನ್ಸಿಗೆ ‘ಪುನರುತ್ಥಾನ’ ಬೇಡವೆಂದು ಬಿಟ್ಟೆ. ಕನ್ನಡ ಬೈಬಲ್ ಓದುವವರಿಗೆ ಅದು ಯೇಸು ಮರಳಿ ಎದ್ದುಬಂದದ್ದು. ‘ನವೋದಯ’ ಅಂದರೆ ನಮ್ಮ ಕವಿಗಳು ಬಂದು ಕೂರುತ್ತಾರೆ. ಉಳಿದದ್ದು ‘ಪುನರುಜ್ಜೀವನ’.

‘ಸುತ್ತು’ ತೀರ ಆಡುಮಾತಾಯಿತೆಂದು ನಿಮಗೂ ಅನ್ನಿಸುತ್ತದೆಯೇ? ಕರಾವಳಿ, ಮಲೆನಾಡಿನ ಪಂಚಾಂಗದವರ ಬಾಯಲ್ಲಿ ಗ್ರಹದ ಪೂರ್ತಿ ಸುತ್ತಿಗೆ ಬೇರೆ ಪದ ಕೇಳಿದವರಿದ್ದರೆ ದಯವಿಟ್ಟು ತಿಳಿಸಿ. ಮಾವ ಮಾತ್ರ ಭಗಣದಿಂದ ಕದಲುತ್ತಿಲ್ಲ.