ಧ್ವನಿತಂತುವಿನಲ್ಲಿ ಗಂಟು: ಮೇಷ್ಟ್ರ ಕೆಲಸ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಖಾಸಗಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ, ವಾರಕ್ಕೆ 34 ಪೀರಿಯಡ್. ಎರಡು ತಿಂಗಳಿಂದ ದನಿ ಒಡೆದಿದೆ, ಮಧ್ಯಾಹ್ನದ ಹೊತ್ತಿಗೆ ಕೂತೇ ಹೋಗುತ್ತದೆ. ಇಎನ್‌ಟಿ ಡಾಕ್ಟರು ಕ್ಯಾಮೆರಾದಲ್ಲಿ ನೋಡಿ ಎರಡೂ ಕಡೆ ಗಂಟು ಅಂದರು. ಶಾಲೆಯವರು ‘ರಾಜೀನಾಮೆ ಕೊಟ್ಟು ಗುಣವಾದ ಮೇಲೆ ಬನ್ನಿ’ ಅನ್ನುತ್ತಿದ್ದಾರೆ. ಆಪರೇಷನ್ ಮಾಡಿಸಿಬಿಡಲೇ?

ವಾಕ್ ಚಿಕಿತ್ಸಕಿ, ಮೈಸೂರು: ಅವಸರ ಬೇಡ ಮೇಡಂ. ಚಪ್ಪಲಿ ಉಜ್ಜಿ ಕಾಲಲ್ಲಿ ಆಣಿ ಆಗುತ್ತದಲ್ಲ, ಇದೂ ಅದೇ ಜಾತಿ. ಹೆಂಗಸರ ಧ್ವನಿತಂತುಗಳು ಮಾತಾಡುವಾಗ ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ಕಿರುಚಿದರೆ ಇನ್ನೂ ಜೋರಾಗಿ. ಏಟು ಹೆಚ್ಚು ಬೀಳುವ ಜಾಗದಲ್ಲಿ ಎರಡೂ ಕಡೆ ದಪ್ಪಗಟ್ಟುತ್ತದೆ. ಮಾತಿನ ರೀತಿ ಬದಲಾಗದೆ ಬರೀ ಗಂಟು ತೆಗೆಸಿದರೆ ಮತ್ತೆ ಬರುತ್ತದೆ. ಹಾಗಾಗಿ ಮೊದಲು ಧ್ವನಿ ಚಿಕಿತ್ಸೆ, ಸಾಮಾನ್ಯವಾಗಿ 6ರಿಂದ 8 ವಾರ, ಆಮೇಲೆ ಮತ್ತೊಮ್ಮೆ ಕ್ಯಾಮೆರಾ. ಸಾಮಾನ್ಯವಾಗಿ ಒಂದೇ ಕಡೆ ಏಳುವ ಮೆತ್ತನೆಯ ಗುಳ್ಳೆಯಂಥ ಪಾಲಿಪ್‌ನ ಲೆಕ್ಕ ಬೇರೆ, ಅದಕ್ಕೆ ಆಪರೇಷನ್ ಬೇಕಾಗುವುದು ಹೆಚ್ಚು. ಮೈಸೂರು ಹತ್ತಿರವಿದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿ. ಸ್ಟ್ರೋಬೋಸ್ಕೋಪಿ ಮಾಡಿದ್ದಾರೆಯೇ ಕೇಳಿ; ತಂತು ಕಂಪಿಸುವ ಬಗೆ ಅದರಲ್ಲಿ ಕಾಣುತ್ತದೆ.

ಮನೆಯಲ್ಲಿ ಮಾಡುವ ಸ್ಟ್ರಾ ಅಭ್ಯಾಸ: ಲೋಟದಲ್ಲಿ ನೀರು, ಸ್ಟ್ರಾದ ತುದಿ 2-3 ಸೆಂಟಿಮೀಟರ್ ಮುಳುಗಿರಲಿ. ‘ಊ’ ಎಂದು ಮೆಲ್ಲಗೆ ದನಿ ತೆಗೆಯುತ್ತ ಊದಿ. ಗುಳ್ಳೆ ಒಂದೇ ಸಮ ಏಳಬೇಕು, ಕಂಪನ ತುಟಿಯಲ್ಲಿ ಗೊತ್ತಾಗಬೇಕು. ಒಂದು ಸಲಕ್ಕೆ 2-3 ನಿಮಿಷ, ದಿನಕ್ಕೆ ನಾಲ್ಕೈದು ಸಲ. ಬಹಳ ಜನ ದನಿ ತೆಗೆಯದೆ ಬರೀ ಗಾಳಿ ಊದುತ್ತಾರೆ, ಅದರಿಂದ ಉಪಯೋಗವಿಲ್ಲ. ಕತ್ತು ಬಿಗಿಯಿತೋ, ನಿಲ್ಲಿಸಿ.

ಪ್ರೌಢಶಾಲಾ ಶಿಕ್ಷಕ: ಸೊಂಟಕ್ಕೆ ಕಟ್ಟುವ ಸ್ಪೀಕರ್, ಕಿವಿಗೆ ಸಿಕ್ಕಿಸುವ ಮೈಕ್ ತಗೊಳ್ಳಿ. ಮೈಕ್ ಬಾಯಿಯ ಮುಂದೆ ಬೇಡ, ತುಟಿಯ ಅಂಚಿನಿಂದ ಎರಡು ಬೆರಳು ದೂರ ಪಕ್ಕಕ್ಕಿರಲಿ, ಇಲ್ಲದಿದ್ದರೆ ‘ಪ’, ‘ಫ’ ಬಂದಾಗಲೆಲ್ಲ ಬುಸ್ ಅನ್ನುತ್ತದೆ. ಕೀ ಎಂದು ಕೂಗಿದರೆ ಸ್ಪೀಕರನ್ನು ಸೊಂಟದ ಹಿಂದಕ್ಕೆ ತಿರುಗಿಸಿ, ವಾಲ್ಯೂಮ್ ಇಳಿಸಿ. ಮೈಕ್ ಇದ್ದೂ ಕೂಗುವವರೇ ಜಾಸ್ತಿ! ಎದುರು ಕೂತವರೊಡನೆ ಮಾತಾಡುವ ದನಿ ಸಾಕು. ಬೋರ್ಡಿನ ಕಡೆ ಮುಖಮಾಡಿ ಮಾತಾಡಬೇಡಿ. ಗಲಾಟೆಗೆ ಚಪ್ಪಾಳೆ, ಇಲ್ಲವೇ ಮೇಜು ತಟ್ಟುವುದು.

ನಿವೃತ್ತ ಮುಖ್ಯೋಪಾಧ್ಯಾಯ: ರಾಜೀನಾಮೆ ಬರೆಯಬೇಡಮ್ಮ. ಬರೆದುಕೊಟ್ಟರೆ ನೀನೇ ಬಿಟ್ಟಂತಾಯಿತು. ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಯಾದರೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ವಿಚಾರಣೆ ಇಲ್ಲದೆ ವಜಾ ಮಾಡುವಂತಿಲ್ಲ. ಮಾಡಿದರೆ 94ರಡಿ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಸರ್ಕಾರಿ ನೌಕರರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20(4) ಇದೆ, ಕೆಲಸದಲ್ಲಿದ್ದಾಗ ಅಂಗವೈಕಲ್ಯ ಬಂದರೆ ತೆಗೆದುಹಾಕುವಂತಿಲ್ಲ ಅನ್ನುತ್ತದೆ, ಆದರೆ ಗುಣವಾಗುವ ಗಂಟಿಗೆ ಅದನ್ನು ನಂಬಿ ಕೂರಬೇಡ.

ಡಾಕ್ಟರ ಪತ್ರವೇ ಮುಖ್ಯ. ‘ಅನರ್ಹ’ ಎಂಬ ಒಂದು ಪದ ಬಂದರೆ ಆಡಳಿತ ಮಂಡಳಿ ಅದನ್ನೇ ಹಿಡಿದುಕೊಳ್ಳುತ್ತದೆ. ‘ಮಿತಿಗಳೊಂದಿಗೆ ಕೆಲಸಕ್ಕೆ ಯೋಗ್ಯರು’ ಎಂದು ಬರೆಸಿ, ಮಿತಿಗಳನ್ನೂ ಸೇರಿಸು: ದಿನಕ್ಕೆ ಇಷ್ಟೇ ಪೀರಿಯಡ್, ಸತತ ಎರಡಕ್ಕಿಂತ ಹೆಚ್ಚಿಲ್ಲ, ಮೈಕ್ ಬೇಕು, ಪ್ರಾರ್ಥನೆ ಮತ್ತು ಮೈದಾನದ ಡ್ಯೂಟಿ ಬೇಡ, ಮರುತಪಾಸಣೆ ಇಂಥ ದಿನ. ಬಿಟ್ಟ ಪೀರಿಯಡ್‌ಗೆ ಬದಲಾಗಿ ಉತ್ತರಪತ್ರಿಕೆ ತಿದ್ದುವುದು, ಪ್ರಶ್ನೆಪತ್ರಿಕೆ, ಗ್ರಂಥಾಲಯದ ಕೆಲಸ ನೀನೇ ಕೇಳು. ಅರ್ಜಿಯ ನಕಲಿಗೆ ಸ್ವೀಕೃತಿ ಸಹಿ, ತಾರೀಖು ಹಾಕಿಸಿಕೋ.

ಇನ್ನೊಬ್ಬರು: ಜೇನು, ಶುಂಠಿ, ಲವಂಗ?

ವಾಕ್ ಚಿಕಿತ್ಸಕಿ: ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತು ಇರುವುದು ಶ್ವಾಸನಾಳದ ಬಾಯಲ್ಲಿ. ಹಿತವೆನಿಸಬಹುದು, ಗಂಟು ಕರಗದು. ಬರೀ ನೀರಿನ ಹಬೆ ಅಲ್ಲಿಗೆ ಮುಟ್ಟುತ್ತದೆ, ಅಮೃತಾಂಜನ ಬೆರೆಸಬೇಡಿ. ಪಾಠದ ನಡುವೆ ಗುಟುಕು ನೀರು, ಗಂಟಲು ಕೆರೆದುಕೊಳ್ಳಬೇಕೆನಿಸಿದಾಗಲೂ ನೀರೇ. ರಾತ್ರಿ ಊಟ ಮಲಗುವ ಮೂರು ಗಂಟೆ ಮೊದಲು. ಹೊಟ್ಟೆಯ ಆಮ್ಲ ಮೇಲೇರಿದರೆ ತಂತು ಊದುತ್ತದೆ. ಪಿಸುಮಾತು ವಿಶ್ರಾಂತಿಯಲ್ಲ, ಅದಕ್ಕೂ ಗಂಟಲು ಬಿಗಿಯುತ್ತದೆ. ಮನೆಯಲ್ಲಿ ಅಡುಗೆಮನೆಯಿಂದ ಹಾಲ್‌ಗೆ ಕೂಗಿ ಕರೆಯುವುದನ್ನೂ ಪೀರಿಯಡ್ ಲೆಕ್ಕಕ್ಕೇ ಸೇರಿಸಿ.