ತುಮಕೂರಿನಲ್ಲಿ ಕುಡಿತ ಬಿಡುವವರ ಮೀಟಿಂಗ್ ಹುಡುಕೋದು ಹೇಗೆ?

ಶಿರಾಗೇಟ್‌ತಮ್ಮ: ನಮ್ಮಣ್ಣ ನಾಲ್ಕು ದಿನದಿಂದ ಕುಡಿದಿಲ್ಲ. ಸಂಜೆ ಏಳಾದರೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹತ್ರ ನಿಲ್ಲುತ್ತಾನೆ, ಆಮೇಲೆ ಸುಮ್ನೆ ಒಳಗೆ ಬರುತ್ತಾನೆ. ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರ ಗುಂಪು) ಮೀಟಿಂಗ್‌ಗೆ ಕಳಿಸೋಣ ಅಂತಿದ್ದೇನೆ. ಫೀಸ್ ಎಷ್ಟು? ಊರವರಿಗೆಲ್ಲ ಗೊತ್ತಾಗುತ್ತಾ?

ಬಿಟ್ಟವನು: ಫೀಸ್ ಇಲ್ಲ ತಮ್ಮಾ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಗುಂಪು ಇದು, ಬಿಡಬೇಕು ಅನ್ನೋ ಆಸೆ ಇದ್ದರೆ ಸಾಕು. ಹೆಸರು ಹೊರಗೆ ಹೇಳಬಾರದು ಅನ್ನೋದೇ ಅಲ್ಲಿನ ಪದ್ಧತಿ. ನಾನು ಮೊದಲ ದಿನ ಗೇಟಿನ ತನಕ ಹೋಗಿ ವಾಪಸ್ ಬಂದಿದ್ದೆ, ಎರಡನೇ ಸಲ ಒಳಗೆ ಹೋದರೆ ನಮ್ಮ ಬೀದಿಯವರೇ ಒಬ್ಬರು ಟೀ ಲೋಟ ಜೋಡಿಸುತ್ತಾ ಕೂತಿದ್ದರು, ಇಬ್ಬರಿಗೂ ನಗು! ಮಾತಾಡಲೇಬೇಕು ಅಂತಿಲ್ಲ. ಹೋಗೋ ಮುಂಚೆ ಎಎಯವರಿಗೆ ಫೋನ್ ಮಾಡಿ ಕೇಳಿ, ಜಾಗ, ಟೈಮು ಬದಲಾಗುತ್ತಿರುತ್ತದೆ. 'ಕ್ಲೋಸ್ಡ್' ಮೀಟಿಂಗ್ ಕುಡಿತ ಬಿಡಬೇಕು ಅನ್ನೋರಿಗೆ ಮಾತ್ರ, ನಿಮ್ಮನ್ನು ಒಳಗೆ ಬಿಡಲ್ಲ, 'ಓಪನ್' ಆದರೆ ಜೊತೆಗೆ ಕೂರಬಹುದು.

ನರ್ಸಕ್ಕ: ಕೈ ನಡುಗುತ್ತಿದೆಯಾ, ನಿದ್ದೆ ಇಲ್ವಾ? ದಿನಾ ಜಾಸ್ತಿ ಕುಡಿಯೋರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು. ಮೀಟಿಂಗ್ ಆಮೇಲೆ, ಇವತ್ತೇ ಜಿಲ್ಲಾಸ್ಪತ್ರೆಗೆ ತೋರಿಸಿ. ಚಟ ಬಿಡಿಸೋ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416, ಎರಡೂ ಉಚಿತ.

ಹೆಬ್ಬೂರಕ್ಕ: ಮನೆಯವರಿಗೆ ಅಲ್‌-ಅನಾನ್ ಅಂತ ಬೇರೆ ಗುಂಪಿದೆ. ನಾನು ಬಾಟಲಿ ಹುಡುಕಿ ಬಚ್ಚಲಿಗೆ ಸುರಿಯೋದು ನಿಲ್ಲಿಸಿದ್ದು ಅಲ್ಲಿಗೆ ಹೋದ ಮೇಲೇ.

ಶಿರಾಗೇಟ್‌ತಮ್ಮ: ಕೈ ನಡುಗುತ್ತಿದೆ ಅಕ್ಕ. ಆಟೋ ಕರೆದಿದ್ದೇನೆ, ಹೊರಟೆವು.